ತೆರೆಯ ಮೇಲಿನ ಜಾಗ್ವಾರ್: ಮಾರ್ಕ್ 1 ಅಥವಾ ಮಾರ್ಕ್ 2?

ಹಳೆಯ ಕಾಲದ ಬ್ರಿಟಿಷ್ ಪತ್ತೇದಾರಿ ಧಾರಾವಾಹಿಯಲ್ಲಿ ದುಂಡು ಮೈಯ ಜಾಗ್ವಾರ್ ಕಾರು ಕಂಡೊಡನೆ ‘ಮಾರ್ಕ್ 2’ ಎಂದುಬಿಡಬೇಡಿ. ಮೊದಲು ಕಿಟಕಿಯನ್ನು ನೋಡಿ.

1955ರಿಂದ 1959ರವರೆಗೆ ಬಂದ ಮಾರ್ಕ್ 1ರಲ್ಲಿ ಕಿಟಕಿಯ ಚೌಕಟ್ಟು ಬಾಗಿಲಿನದೇ ಭಾಗ. ದಪ್ಪಗಿದ್ದು, ಮೈಬಣ್ಣವನ್ನೇ ಹೊತ್ತಿರುತ್ತದೆ. ಗಾಜು ಚಿಕ್ಕದು, ಕಾರಿಗೆ ಒಂದು ಬಗೆಯ ಗಂಟುಮುಖ. 1959ರಲ್ಲಿ ಬಂದ ಮಾರ್ಕ್ 2ರಲ್ಲಿ ತೆಳುವಾದ ಕ್ರೋಮ್ ಚೌಕಟ್ಟು, ಅಗಲವಾದ ಗಾಜು. ಮಬ್ಬು ಬೆಳಕಿನ ದೃಶ್ಯದಲ್ಲೂ ಆ ಬೆಳ್ಳಿಗೆರೆ ಮಿಂಚುತ್ತದೆ. ನನಗಂತೂ ಇದೊಂದೇ ಗುರುತು ಸಾಕು.

ಕ್ಯಾಮೆರಾ ಒಳಗಿದ್ದರೆ ಡ್ಯಾಶ್‌ಬೋರ್ಡ್ ನೋಡಿ. ವೇಗಮಾಪಕ ನಡುವೆ ಇದ್ದರೆ ಮಾರ್ಕ್ 1, ಸ್ಟಿಯರಿಂಗ್ ಹಿಂದೆ ಇದ್ದರೆ ಮಾರ್ಕ್ 2.

ಹಿಂಚಕ್ರವನ್ನು ಮುಚ್ಚುವ ತಗಡನ್ನು ನಂಬಬೇಡಿ, ಅದನ್ನು ಕಳಚಿಡಬಹುದು.

‘ಇನ್‌ಸ್ಪೆಕ್ಟರ್ ಮೋರ್ಸ್’ ಧಾರಾವಾಹಿಯ ಕಡುಗೆಂಪು ಕಾರು ಮಾರ್ಕ್ 2. ಅದರ ಪೂರ್ವಕಥೆ ‘ಎಂಡೆವರ್’ನಲ್ಲಿ ಪೊಲೀಸ್ ಅಧಿಕಾರಿ ಥರ್ಸ್‌ಡೇ ಓಡಾಡುವ ಕಪ್ಪು ಕಾರು ಮಾರ್ಕ್ 1. ಎರಡನ್ನೂ ಒಂದಾದ ಮೇಲೊಂದು ನೋಡಿ, ಕಣ್ಣು ಬೇಗ ಪಳಗುತ್ತದೆ.

ಅಂದಹಾಗೆ, ‘ಮಾರ್ಕ್ 1’ ಎಂಬ ಹೆಸರು ಬಂದದ್ದೇ ಎರಡನೆಯದು ಹುಟ್ಟಿದ ಮೇಲೆ. ಆದ್ದರಿಂದ 1957ರ ಕಥೆಯ ಪಾತ್ರವೊಂದು ಆ ಹೆಸರನ್ನು ಹೇಳಿದರೆ, ಅದು ಸಂಭಾಷಣೆಯ ತಪ್ಪು.