30ಎಕ್ಸ್ ಅಂತ ಕೆತ್ತಿದ ಲೆನ್ಸು, ಮರದ ಹಾವಸೆ, ನಾಲ್ಕು ಮಳೆಗಾಲ

ಮೊದಲು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಚಿಕ್ಕಪೇಟೆಯಲ್ಲಿ ಚಿನಿವಾರರಿಗೆ ಸಾಮಾನು ಮಾರುವ ಒಂದು ಅಂಗಡಿಯಲ್ಲಿ 280 ರೂಪಾಯಿ ಕೊಟ್ಟು ಹಾವಸೆ (ಇಂಗ್ಲಿಷಿನಲ್ಲಿ ಮಾಸ್) ನೋಡಲೆಂದು ಈ ಮಡಚುವ ಭೂತಗನ್ನಡಿ ತಂದೆ. ಮೈಮೇಲೆ ‘30ಎಕ್ಸ್ 21 ಮಿ.ಮೀ.’ ಎಂದು ಕೆತ್ತಿದ್ದಾರೆ, ಅಂದರೆ 30 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಗಾಜಿನ ಅಗಲ 21 ಮಿ.ಮೀ. ಅಂತ. ಅದು 30ಎಕ್ಸ್ ಅಲ್ಲವೇ ಅಲ್ಲ.

ಗೊತ್ತಾಗಿದ್ದು ಮೂರನೇ ವರ್ಷ. ಅಲ್ಲಿಯವರೆಗೆ ಕಾಣದಿದ್ದದ್ದಕ್ಕೆಲ್ಲ ನನ್ನ ಕಣ್ಣೇ ಕಾರಣ ಅಂದುಕೊಂಡಿದ್ದೆ. ಒಂದು ಭಾನುವಾರ ಕಿಟಕಿಯ ಎದುರುಗೋಡೆಗೆ ಲೆನ್ಸು ಹಿಡಿದು, ಹೊರಗಿನ ಹೊಂಗೆ ಮರದ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುವಂತೆ ಹಿಂದೆಮುಂದೆ ಮಾಡಿ, ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಅಂತರ ಅಳೆದೆ. ಸುಮಾರು 25 ಮಿ.ಮೀ. ಬಂತು. ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ಹತ್ತಿರದ ಅಂತರ ಎಂದು ಹಿಡಿಯುವ 250 ಮಿ.ಮೀ.ಅನ್ನು ಅದರಿಂದ ಭಾಗಿಸಿದರೆ ಲೆನ್ಸು ಎಷ್ಟು ಪಟ್ಟಿನದು ಅಂತ ಸಿಗುತ್ತದೆ: 10. ನಿಜಕ್ಕೂ 30 ಪಟ್ಟು ಆಗಿದ್ದರೆ ಚಿತ್ರ 8 ಮಿ.ಮೀ. ಆಸುಪಾಸಿನಲ್ಲೇ ಮೂಡಬೇಕಿತ್ತು. ಹೇಳಿದ್ದರಲ್ಲಿ ಮೂರನೇ ಒಂದು ಪಾಲು! ಅವತ್ತು ಒಂದು ಸ್ಟಾರ್ ಕೊಟ್ಟು ಬರೆದುಬಿಡಬೇಕು ಅಂತಲೇ ಕೂತಿದ್ದೆ.

ಬರೆಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಅದನ್ನೇ ಜೇಬಿಗೆ ಹಾಕಿಕೊಂಡು ಹೊರಟೆ.

ನನ್ನ ಬೆಳಗಿನ ಕ್ರಮ ಹೀಗೆ. ಆರೂವರೆಗೆ ಕಾಫಿ ಮುಗಿಸಿ ಜಯನಗರದ ನಮ್ಮ ರಸ್ತೆಗೆ ಇಳಿಯುತ್ತೇನೆ. ಕೊರಳಲ್ಲಿ ಲಾಡಿಗೆ ಕಟ್ಟಿದ ಲೆನ್ಸು, ಅಂಗಿ ಜೇಬಿನಲ್ಲಿ ಖಾಲಿಯಾದ ಕಣ್ಣಿನ ಡ್ರಾಪ್ಸ್ ಬಾಟಲಿ. ಅದರಲ್ಲಿ ಬರೀ ನೀರು. ಮೊದಲ ನಿಲ್ದಾಣ ಕಾಂಪೌಂಡ್ ಗೋಡೆ. ಅಲ್ಲಿ ಹಯೋಫಿಲಾ ಇನ್ವೊಲ್ಯೂಟಾ ಎಂಬ ಹಾವಸೆ ದಟ್ಟವಾಗಿ ಕೂತಿದೆ. ಒಣಗಿದಾಗ ಎಲೆಯ ಅಂಚುಗಳು ಒಳಕ್ಕೆ ಸುರುಳಿಯಾಗಿ, ಗಿಡ ಕಂದು ಮುದ್ದೆಯಂತೆ ಕಾಣುತ್ತದೆ. ಒಂದು ತೊಟ್ಟು ನೀರು ಬಿಟ್ಟು, ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆಯನ್ನೇ ಗೋಡೆಯತ್ತ ಒಯ್ಯಬೇಕು (ಲೆನ್ಸನ್ನು ದೂರ ಹಿಡಿದು ನೋಡುವವರಿಗೆ ಏನೂ ಕಾಣುವುದಿಲ್ಲ, ಎಲ್ಲರೂ ಮೊದಲು ಮಾಡುವ ತಪ್ಪು ಇದೇ). ಸುರುಳಿ ಬಿಚ್ಚಿಕೊಂಡು ಹಸಿರು ನಕ್ಷತ್ರ ಅರಳುತ್ತದೆ. ಹಾವಸೆಗೆ ನೀರು ಬೇರಿನಿಂದ ಏರಬೇಕಾಗಿಲ್ಲ, ಎಲೆಯೇ ಹೀರಿಕೊಳ್ಳುತ್ತದೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಒಂದು ದಿನವೂ ಬೇಸರ ಬಂದಿಲ್ಲ.

ಆಮೇಲೆ ಮರಗಳು. ಗೋಡೆಯ ಮೇಲಿನದನ್ನು ಗುರುತಿಸುವುದು ಸುಲಭ, ಮರದ ಮೇಲಿನದು ಕಷ್ಟ. ಮೂಲೆಮನೆಯ ಮುಂದಿನ ಮಳೆಮರದ ಕಾಂಡದಲ್ಲಿ ಅಂಗೈಯಗಲದ ಹಸಿರು ಚಾಪೆಗಳಿವೆ. ದಾರಿಹೋಕರಿಗೆ ಎಲ್ಲವೂ ಪಾಚಿ. ನನಗೂ ಮೊದಲ ಮಳೆಗಾಲವಿಡೀ ಅವೆಲ್ಲ ಒಂದೇ. ಈಗ ಗೊತ್ತು, ಅಲ್ಲಿರುವುದು ಮೂರು ಬೇರೆ ಬೇರೆ ಜೀವ.

ಒಂದು ಎರಿತ್ರೊಡಾಂಟಿಯಮ್ ಜುಲೇಸಿಯಮ್ ಎಂಬ ಹಾವಸೆ. ಒಣಗಿದಾಗ ಇದರ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು, ಪ್ರತಿ ಕವಲೂ ಬಿಗಿಯಾಗಿ ಹೆಣೆದ ಗುಂಡನೆಯ ಜಡೆಯಂತಾಗುತ್ತದೆ. ಎಲೆ ಬೋಗುಣಿಯಂತೆ ತಗ್ಗಾಗಿದೆ, ನಡುನರ ಇಲ್ಲವೆನ್ನುವಷ್ಟು ಚಿಕ್ಕದು. ಎರಿತ್ರೊಡಾಂಟಿಯಮ್ ಅಂದರೆ ‘ಕೆಂಪು ಹಲ್ಲು’, ಬೀಜಕಕೋಶದ (ಬೀಜದ ಬದಲಿಗೆ ಹಾವಸೆ ಉದುರಿಸುವ ಪುಡಿ ತುಂಬಿದ ಪುಟ್ಟ ಡಬ್ಬಿ) ಬಾಯಂಚಿನ ಹಲ್ಲುಗಳಿಂದ ಬಂದದ್ದು.

ಇನ್ನೊಂದು ಹಾವಸೆ ಫ್ಯಾಬ್ರೋನಿಯಾ. ಒಣಗಿದಾಗ ಇದೂ ಎಲೆ ಒತ್ತಿಕೊಳ್ಳುತ್ತದೆ, ಅದಕ್ಕೇ ಮೋಸ ಹೋಗುವುದು. ಆದರೆ ಇದು ನೂಲಿನಷ್ಟು ಸಣ್ಣ, ರೇಷ್ಮೆಯ ಹೊಳಪು, ಎಲೆತುದಿ ಕೂದಲಿನಂತೆ ಚೂಪು, ನಡುನರ ಒಂದೇ ಆಗಿ ಎಲೆಯ ಅರ್ಧದವರೆಗೆ ಸಾಗುತ್ತದೆ. ಎರಡನ್ನೂ ಒಣಗಿದ್ದಾಗ ಒಮ್ಮೆ, ತೊಟ್ಟು ನೀರು ಬಿಟ್ಟು ಒಮ್ಮೆ ನೋಡಿದರೆ ಮತ್ತೆ ಗೊಂದಲವಾಗುವುದಿಲ್ಲ. ಒಂದರ ಜಡೆ ದಪ್ಪ, ಇನ್ನೊಂದರದ್ದು ಬರೀ ಎಳೆ.

ಮೂರನೆಯದು ಹಾವಸೆಯೇ ಅಲ್ಲ. ಕಂದುಗೆಂಪು ಛಾಯೆಯ ಫ್ರುಲಾನಿಯಾ, ಹಾವಸೆಯ ದಾಯಾದಿಗಳಾದ ಲಿವರ್‌ವರ್ಟ್ ಗುಂಪಿನದು. ಎಲೆಗೆ ನರವೇ ಇಲ್ಲ. ಎರಡು ಸಾಲಿನಲ್ಲಿ ಚಪ್ಪಟೆಯಾಗಿ ಜೋಡಿಸಿದಂತಿರುತ್ತದೆ. ಸಣ್ಣ ತುಣುಕು ಮಗುಚಿ ನೋಡಿದರೆ ಎಲೆಯಡಿಯಲ್ಲಿ ಟೋಪಿಯಾಕಾರದ ಪುಟ್ಟ ಚೀಲಗಳು. ಮೊದಲ ಸಲ ಅವು ಕಂಡಾಗ ರಸ್ತೆಯಲ್ಲೇ ‘ಅಯ್ಯೋ’ ಅಂದಿದ್ದೆ, ಹಾಲಿನವನು ಏನಾಯಿತು ಸಾರ್ ಎಂದು ಗಾಡಿ ನಿಲ್ಲಿಸಿದ. ಅವನಿಗೂ ತೋರಿಸಿದೆ. ಪಕ್ಕದಲ್ಲೇ ಅಂಟಿದ ಬೂದುಬಣ್ಣದ್ದನ್ನು ತೋರಿಸಿ ‘ಇದೂನಾ?’ ಅಂದ. ಅದು ಕಲ್ಲುಹೂವಿನ ಬಳಗ, ಬಿಸಿಬೇಳೆಬಾತ್ ಪುಡಿಗೆ ಹಾಕುತ್ತೇವಲ್ಲ, ಆ ಸಂಬಂಧಿಕರದ್ದು. ಹಾವಸೆಗಳ ಲೆಕ್ಕಕ್ಕೆ ಸೇರುವುದಿಲ್ಲ.

ಇದಿಷ್ಟನ್ನೂ ತೋರಿಸಿದ್ದು ಆ ಸುಳ್ಳು 30ಎಕ್ಸ್ ಲೆನ್ಸೇ. ಇಲ್ಲಿಂದಲೇ ನನ್ನ ಸಿಟ್ಟು ಇಳಿಯತೊಡಗಿದ್ದು. ಕಳೆದ ವರ್ಷ ಗೆಳೆಯರೊಬ್ಬರಿಂದ ನಿಜವಾದ 20ಎಕ್ಸ್ ಲೆನ್ಸು ಒಂದು ತಿಂಗಳ ಮಟ್ಟಿಗೆ ತಂದಿದ್ದೆ. ನನ್ನದಕ್ಕಿಂತ ಹತ್ತು ಪಟ್ಟು ಬೆಲೆಯದು. ಅದರಲ್ಲಿ ನೋಡಬೇಕಾದರೆ ಮರದಿಂದ ಒಂದೂಕಾಲು ಸೆಂಟಿಮೀಟರಿಗಿಂತ ಹೆಚ್ಚು ದೂರ ಇರುವಂತಿಲ್ಲ. ಮಳೆಮರದ ತೊಗಟೆ ಸೀಳುಸೀಳು, ಲೆನ್ಸಿನ ಚೌಕಟ್ಟೇ ಉಬ್ಬಿಗೆ ತಾಗುತ್ತದೆ. ತಲೆಯ ನೆರಳು ಬಿದ್ದು ಬೆಳಗಿನ ಬೆಳಕು ಪೂರ್ತಿ ಹೋಗುತ್ತದೆ. ಕಾಂಡದ ಮೇಲಿದ್ದದ್ದನ್ನು ಇದ್ದಲ್ಲೇ ನೋಡಲು 10 ಪಟ್ಟೇ ಸರಿ, ಎರಡೂವರೆ ಸೆಂಟಿಮೀಟರಿನ ಆ ಜಾಗ ಬೇಕೇಬೇಕು. ಲಾಲ್‌ಬಾಗಿನಲ್ಲಂತೂ ನಾನು ಏನನ್ನೂ ಕೀಳುವುದಿಲ್ಲ, ಅಲ್ಲಿ ಇದ್ದಲ್ಲೇ ನೋಡುವುದೊಂದೇ ದಾರಿ.

20ಎಕ್ಸ್ ಗೆದ್ದದ್ದು ಒಂದೇ ಕಡೆ. ಶಿರಸಿ ಬಳಿಯ ಅತ್ತೆಮನೆಯ ತೋಟದಲ್ಲಿ ಅಡಿಕೆಮರದ ಬುಡಕ್ಕೆ ಬಿಳಿಚಿದ ಹಸಿರಿನ ಆಕ್ಟೋಬ್ಲೆಫರಮ್ ಆಲ್ಬಿಡಮ್ ಎಂಬ ಹಾವಸೆ ಕೂತಿರುತ್ತದೆ. ಎಲೆಯಲ್ಲಿ ಹಸಿರು ಜೀವಕೋಶಗಳ ಮೇಲೂ ಕೆಳಗೂ ಖಾಲಿ ಕೋಶಗಳ ಪದರಗಳಿರುವುದರಿಂದ ಆ ಬಿಳುಪು. ಲ್ಯೂಕೋಬ್ರಿಯಮ್ ಎಂಬ ಇನ್ನೊಂದು ಹಾವಸೆ ಕೂಡ ಇದೇ ಕಾರಣಕ್ಕೆ ಬೆಳ್ಳಗೆ, ಇದೇ ತರಹ ದಪ್ಪ ಎಲೆ. ಬೀಜಕಕೋಶದ ಮುಚ್ಚಳ ಬಿದ್ದ ಮೇಲೆ ಬಾಯಿ ಸುತ್ತ ಎಣಿಸಬೇಕು: ಲ್ಯೂಕೋಬ್ರಿಯಮ್‌ಗೆ 16 ಹಲ್ಲು, ಇದಕ್ಕೆ 8. ಒಂದು ಬೀಜಕಕೋಶವನ್ನು ಬೆರಳಲ್ಲಿ ಹಿಡಿದು, ಜಗಲಿಯಲ್ಲಿ ಬೆಳಕಿಗೆ ಎದುರಾಗಿ ಕೂತು ಎಣಿಸಿದೆ. ಎಂಟು. ಅತ್ತೆಯೂ ಎಣಿಸಿದರು, ಅವರಿಗೂ ಎಂಟು. ನನ್ನ ಲೆನ್ಸಿನಲ್ಲಿ ಹಲ್ಲು ಇದೆ ಅಂತ ಕಾಣುತ್ತದೆ, ಎಣಿಕೆಗೆ ಸಿಗುವುದಿಲ್ಲ.

ಹಾಗೆಯೇ ಫ್ಯಾಬ್ರೋನಿಯಾದ ಎಲೆಯಂಚಿನ ಹಲ್ಲು. ಹಿಂದಿನಿಂದ ಬೆಳಕು ಬಿದ್ದರೆ ಅಂಚು ತರಚಿದಂತೆ ಕಾಣುತ್ತದೆ, ಅಷ್ಟೇ. ಯಾವ ಪ್ರಭೇದ ಅಂತ ಹೇಳಬೇಕಾದರೆ ಸೂಕ್ಷ್ಮದರ್ಶಕವೇ ಬೇಕು. ನನ್ನ ನೋಟ್‌ಬುಕ್ಕಿನಲ್ಲಿ ‘ಫ್ಯಾಬ್ರೋನಿಯಾ’ ಅಂತ ಮಾತ್ರ ಬರೆದು ಮುಂದೆ ಖಾಲಿ ಬಿಟ್ಟಿರುತ್ತೇನೆ.

ಬಾಳಿಕೆ ಬಗ್ಗೆ ಎರಡು ಮಾತು. ತಿರುಗುವ ಸ್ಕ್ರೂ ವರ್ಷಕ್ಕೆರಡು ಸಲ ಸಡಿಲವಾಗುತ್ತದೆ, ಕನ್ನಡಕದ ಸ್ಕ್ರೂಡ್ರೈವರ್ ಸಾಕು. ನೋಟದ ಅಂಚಿನಲ್ಲಿ ನೀಲಿ-ಹಳದಿ ಗೆರೆ ಬರುತ್ತದೆ, ನಡುವಿನಲ್ಲಿಟ್ಟು ನೋಡಿ. ಎರಡನೇ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯಿತು. ಆಮೇಲಿಂದ ಒರೆಸಿ, ಒಣಗಿಸಿ, ಅಕ್ಕಿ ಡಬ್ಬದ ಪಕ್ಕ ಸಿಲಿಕಾ ಚೀಲದ ಜೊತೆ ಇಡುತ್ತೇನೆ.

ಐದಕ್ಕೆ ಮೂರೂವರೆ. ಕಳೆದ ಒಂದೂವರೆ ಕೆತ್ತನೆಯ ಸುಳ್ಳಿಗೆ. 10ಎಕ್ಸ್ ಅಂತ ನಿಜ ಕೆತ್ತಿದ್ದರೆ ಇದೇ 280ಕ್ಕೆ ಪೂರ್ತಿ ಐದು ಕೊಡುತ್ತಿದ್ದೆ. ಕೊಳ್ಳಲು ಹೋಗುವವರು ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡು ಹೋಗಿ, ಅಂಗಡಿಯ ಗೋಡೆಯ ಮೇಲೇ ಬೀದಿಯ ಚಿತ್ರ ಬೀಳಿಸಿ ಅಳೆಯಿರಿ. ಮಳೆಮರ ಇರುವ ಮೂಲೆಮನೆಯವರು ಮರಕ್ಕೆ ಕೇಡು ಅಂತ ಈ ಬಾರಿ ಪಾಚಿ ಕೆರೆಸಲು ಆಳು ಕರೆದಿದ್ದರು. ಅದು ತೊಗಟೆಯನ್ನು ಹಿಡಿದು ನಿಲ್ಲುತ್ತದೆ ಅಷ್ಟೇ, ಮರದಿಂದ ಏನನ್ನೂ ಹೀರುವುದಿಲ್ಲ ಎಂದು ಹೇಳಿ ಲೆನ್ಸನ್ನು ಅವರ ಕೈಗೆ ಕೊಟ್ಟು, ತೊಟ್ಟು ನೀರು ಬಿಟ್ಟೆ. ಆಳು ಕಾಯುತ್ತಲೇ ನಿಂತಿದ್ದ. ಅವರು ತುಂಬ ಹೊತ್ತು ನೋಡಿದರು, ಆಮೇಲೆ ಅವನಿಗೆ ಗಟಾರದ ಕೆಲಸ ಹೇಳಿ ಕಳಿಸಿದರು.