5 ಕೆಜಿ ಕೊಕೊಪೀಟ್ ಬ್ಲಾಕ್: ಒಬ್ಬರಿಗೆ ಹೊರೆ, ನಾಲ್ಕು ಮನೆಗೆ ಹದ

ಕುಂಡದ ಮಣ್ಣಿಗೆ ಬೆರೆಸುವ ಕೊಕೊಪೀಟ್, ಅಂದರೆ ಒತ್ತಿ ಗಟ್ಟಿ ಮಾಡಿದ ತೆಂಗಿನ ನಾರಿನ ಪುಡಿ, ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಸಿಗುತ್ತದೆ: 650 ಗ್ರಾಂನ ಇಟ್ಟಿಗೆ, 5 ಕೆಜಿಯ ಬ್ಲಾಕ್. ಮಾಳಿಗೆ ಮೇಲೆ ನಾಲ್ಕು ಕುಂಡ ಇಟ್ಟವರು ಚಿಕ್ಕದನ್ನೇ ತರುತ್ತಾರೆ, ಅದು ಸರಿಯೂ ಹೌದು. ದೊಡ್ಡ ಬ್ಲಾಕ್ ನೀರು ಕುಡಿದರೆ ಸುಮಾರು 70 ಲೀಟರ್ ಪುಡಿಯಾಗುತ್ತದೆ. ಒಂದೇ ಮನೆಯಲ್ಲಿ ಅರ್ಧ ಮೂಲೆ ಸೇರುತ್ತದೆ. ಓಣಿಯ ನಾಲ್ಕು ಮನೆಯವರು ಸೇರಿ ತಂದರೆ ಮಾತ್ರ ಇದರ ಲೆಕ್ಕ ಕೂಡುತ್ತದೆ. ಅಧ್ಯಕ್ಷರು, ಚಂದಾ, ಬ್ಯಾನರು ಏನೂ ಇಲ್ಲದೆ ಗಿಡ ಬೆಳೆಸುವವರ ಕೂಟ ಶುರು ಮಾಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಿಕ್ಕಿಲ್ಲ.

ಲೆಕ್ಕ ಹೀಗಿದೆ. 12×12 ಇಂಚಿನ ಗ್ರೋ ಬ್ಯಾಗ್ ತುಂಬಲು 18 ಲೀಟರ್ ಮಿಶ್ರಣ ಬೇಕು. ಅದರಲ್ಲಿ ಮೂರನೇ ಒಂದು ಪಾಲು ಕೊಕೊಪೀಟ್, ಅಂದರೆ 6 ಲೀಟರ್. ಒಂದು ಬ್ಲಾಕಿಗೆ 11-12 ಬ್ಯಾಗು. ನಾಲ್ಕು ಮನೆಗೆ ಹಂಚಿದರೆ ತಲಾ ಮೂರು. ಚಿಕ್ಕ ಇಟ್ಟಿಗೆ 8-9 ಲೀಟರ್ ಆಗುವುದರಿಂದ ಎಂಟು ಇಟ್ಟಿಗೆ ಸೇರಿದರೆ ಒಂದು ಬ್ಲಾಕು. ಅಂಗಡಿಯಲ್ಲಿ ನಿಂತಾಗ ಆರು ಇಟ್ಟಿಗೆಯ ಬೆಲೆಗಿಂತ ಬ್ಲಾಕು ಅಗ್ಗ ಇದ್ದರೆ ತನ್ನಿ, ಇಲ್ಲದಿದ್ದರೆ ಹೊತ್ತುಕೊಂಡು ಬರುವ ಕಷ್ಟಕ್ಕೆ ಅರ್ಥವಿಲ್ಲ. ದುಡ್ಡು ಮೊದಲೇ ಕೂಡಿಸಿ ಆಮೇಲೆ ಆರ್ಡರ್ ಹಾಕಿ. ಇಂಥ ಕೂಟಗಳು ಮುರಿಯುವುದು ರೋಗ-ಕೀಟದಿಂದಲ್ಲ, ಬಾಕಿ ಹಣದಿಂದ.

ನಮ್ಮ ಕಲಬುರಗಿ ಕಡೆ ಕೊಕೊಪೀಟ್ ಯಾಕೆ ಬೇಕು ಅಂದರೆ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಹೊಲದಲ್ಲಿ ತೊಗರಿಗೆ ಬಂಗಾರವಾದ ಇದೇ ಮಣ್ಣು ಕುಂಡದಲ್ಲಿ ಶತ್ರು: ಹಸಿಯಾದರೆ ಉಬ್ಬಿ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಕೆಂಪು ಮಣ್ಣು ಸಿಕ್ಕರೆ ಮಣ್ಣು, ತಿಪ್ಪೆ ಗೊಬ್ಬರ, ಕೊಕೊಪೀಟ್ ಮೂರೂ ಸಮ. ಎರಿ ಮಣ್ಣೇ ಗತಿ ಎಂದಾದರೆ ಅದನ್ನು ಆರನೇ ಒಂದು ಪಾಲಿಗೆ ಇಳಿಸಿ ಉಳಿದೆರಡನ್ನು ಹೆಚ್ಚಿಸಿ. ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ ಸಾಕು. ಬೀದರದವರಿಗೆ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು ಕಾಲಡಿಯಲ್ಲೇ ಇದೆ. ಅವರು ಕೊಕೊಪೀಟನ್ನು ನೀರು ಹಿಡಿಯಲೆಂದಷ್ಟೇ ಬಳಸಬಹುದು, ಮೇಲೆ ಹೇಳಿದ್ದರ ಅರ್ಧದಷ್ಟಾದರೂ ನಡೆಯುತ್ತದೆ.

ಇನ್ನು ಈ ಸರಕಿನ ದೊಡ್ಡ ದೋಷ, ಉಪ್ಪು. ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಸಹಜವಾಗಿಯೇ ಇರುತ್ತವೆ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದಾದರೆ ಇನ್ನೂ ಹೆಚ್ಚು. ‘ಲೋ ಇ.ಸಿ.’ (ಉಪ್ಪು ಕಡಿಮೆ) ಎಂದು ಚೀಟಿಯಲ್ಲಿ ಬರೆದಿದ್ದರೂ ಒಂದು ಸಲ ತೊಳೆಯುವುದೇ ಲೇಸು. ತೊಳೆಯದೆ ಹಾಕಿದರೆ ಮೆಂತ್ಯೆ, ಬೀನ್ಸ್ ಎಲೆಯಂಚು ಮೊದಲು ಸುಡುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗಲೂ ಇದು ಒಂದು ಕಾರಣ, ಯಾಕೆಂದರೆ ತೊಳೆಯದ ಪುಡಿ ಕ್ಯಾಲ್ಸಿಯಂ ಅನ್ನು ತಾನು ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡುವುದಿಲ್ಲ.

ತೊಳೆಯುವುದು ಒಬ್ಬರ ಕೆಲಸವಲ್ಲ, ಕೂಟದ ಉಪಯೋಗ ಇಲ್ಲೇ ಕಾಣುವುದು. ಭಾನುವಾರ ಬೆಳಿಗ್ಗೆ, ನಲ್ಲಿ ಇರುವ ಒಬ್ಬರ ಅಂಗಳದಲ್ಲಿ ತಾಡಪತ್ರಿ ಹಾಸಿ. ಬ್ಲಾಕನ್ನು ಅಗಲವಾದ ಟಬ್ಬಿನಲ್ಲಿಟ್ಟು 20-25 ಲೀಟರ್ ನೀರನ್ನು ಕಂತಿನಲ್ಲಿ ಹಾಕಿ. ಒಮ್ಮೆಲೇ ಸುರಿದರೆ ಮೇಲ್ಪದರ ಕೆಸರಾಗಿ ನಡುವಿನ ಗಟ್ಟಿ ಹಾಗೇ ಉಳಿಯುತ್ತದೆ. ಚಳಿಗಾಲದಲ್ಲಿ ಬಿಸಿನೀರು ಬಳಸಿದರೆ ಬೇಗ ಬಿಚ್ಚಿಕೊಳ್ಳುತ್ತದೆ. ಅರಳಿದ ಪುಡಿಯನ್ನು ಸೆಣಬಿನ ಗೋಣಿಚೀಲಕ್ಕೆ ತುಂಬಿ (ಉಳ್ಳಾಗಡ್ಡಿ ಚೀಲ ಬೇಡ, ಪುಡಿಯೆಲ್ಲ ಸೋರಿಹೋಗುತ್ತದೆ) ಮೇಲಿಂದ ನೀರು ಬಿಡಿ. ಇಳಿಯುವ ನೀರು ಚಹಾ ಬಣ್ಣದ್ದೇ ಇರುತ್ತದೆ, ಬಣ್ಣ ನೋಡಿ ತೀರ್ಮಾನಿಸಬೇಡಿ. ಕೂಟಕ್ಕೆ ಒಂದು ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಸಾಧನ) ಇರಲಿ. ಮೊದಲು ಹಾಕುವ ನೀರಿನ ಅಂಕಿ ನೋಡಿ, ಆಮೇಲೆ ಇಳಿಯುವ ನೀರಿನದು. ವ್ಯತ್ಯಾಸ 200 ಪಿಪಿಎಂ ಒಳಗೆ ಬಂದರೆ ಸಾಕು.

ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಅರ್ಧ ಕೆಲಸ ಮಾತ್ರ. ಶಹಾಬಾದ, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲು, ಅದರ ನೀರು ಕುಂಡದ ಅಂಚಿಗೆ ಬಿಳಿ ಪಟ್ಟು ಕಟ್ಟುತ್ತದೆ. ಅಂಥ ನೀರೇ ಸದಾ ಬಿದ್ದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಅದು ಕಬ್ಬಿಣದ ಕೊರತೆ. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿದು ಸೆಪ್ಟೆಂಬರಿನಲ್ಲೇ ತೊಳೆದಿಟ್ಟರೆ ಅಕ್ಟೋಬರಿನ ಮೆಂತ್ಯೆ, ಕೊತ್ತಂಬರಿ, ಟೊಮೆಟೊಗೆ ಮಿಶ್ರಣ ಸಿದ್ಧ. ತೊಳೆದ ಉಪ್ಪುನೀರನ್ನು ತೆಂಗಿನ ಬುಡಕ್ಕೆ ಹಾಕಿ, ಅದು ತಡೆದುಕೊಳ್ಳುತ್ತದೆ.

ಬೇಸಿಗೆಯಲ್ಲಿ ಕೊಕೊಪೀಟ್ ಮೋಸ ಮಾಡುವ ರೀತಿಯೇ ಬೇರೆ. ಮೇಲೆ ಒಣಗಿದಂತೆ ಕಂಡರೂ ನಾಲ್ಕು ಇಂಚು ಕೆಳಗೆ ತೇವ ಇರುತ್ತದೆ. ದಿನಕ್ಕೆರಡು ಸಲ ನೀರು ಸುರಿದವರ ಬದನೆ ಬೇರು ಕೊಳೆಯುತ್ತದೆ. ಬೆರಳು ಚುಚ್ಚಿ ನೋಡದೆ ನೀರು ಹಾಕಬೇಡಿ. ಪೂರ್ತಿ ಒಣಗಿದರೆ ಇನ್ನೊಂದು ಕಾಟ: ಮಿಶ್ರಣ ಬ್ಯಾಗಿನ ಗೋಡೆಯಿಂದ ಬಿಟ್ಟುಕೊಂಡು ಹಾಕಿದ ನೀರೆಲ್ಲ ಬದಿಯಿಂದ ಇಳಿದುಹೋಗುತ್ತದೆ. ಆಗ ಬ್ಯಾಗನ್ನು ನೀರಿನ ಟಬ್ಬಿನಲ್ಲಿ ಅರ್ಧ ಗಂಟೆ ಕೂಡಿಸಬೇಕು. ಏಪ್ರಿಲ್-ಮೇನಲ್ಲಿ ಫರಸಿ ಕಲ್ಲಿನ ಮೇಲೆ ನೇರವಾಗಿ ಇಟ್ಟ ಬ್ಯಾಗು ತಳದಿಂದ ಬೇಯುತ್ತದೆ, ಎರಡು ಇಟ್ಟಿಗೆ ಮೇಲೆ ಎತ್ತಿಡಿ, ಮೇಲೆ 50% ನೆರಳು ಪರದೆ.

ಕೂಟ ಸೇರಿದ ಮೇಲೆ ಬೀಜ, ಕಡ್ಡಿ ಕೈ ಬದಲಾಗುವುದು ಸಹಜ. ಪುಂಡಿ, ಚವಳಿ, ಬೆಂಡೆಯ ನಾಟಿ ಬೀಜ ಧೈರ್ಯವಾಗಿ ಹಂಚಿ, ಚೀಟಿಯಲ್ಲಿ ಹೆಸರು ಮತ್ತು ಬೀಜ ಬಲಿತ ತಿಂಗಳು ಬರೆಯಿರಿ. ಹೈಬ್ರಿಡ್ ಕಾಯಿಯ ಬೀಜ ಹಂಚಬೇಡಿ, ಮುಂದಿನ ಸಲ ಗಿಡ ಗಿಡಕ್ಕೂ ಬೇರೆ ಕಾಯಿ. ದಾಸವಾಳದ ಕಡ್ಡಿ ತಂದವರು ಎರಡು ವಾರ ದೂರ ಇಟ್ಟು ಎಲೆಯ ಬುಡ ನೋಡಲಿ. ಹಿಟ್ಟು ತಿಗಣೆ ಓಣಿಯಲ್ಲಿ ಹಬ್ಬುವ ಹಾದಿಗಳಲ್ಲಿ ಇದೂ ಒಂದು.

ಕೊಕೊಪೀಟಿಗೆ ಐದಕ್ಕೆ ನಾಲ್ಕು ಅಂಕ, ತೊಳೆಯಲು ಸಿಹಿನೀರು ಇದ್ದರೆ. ಇಲ್ಲದಿದ್ದರೆ ಎರಡೂವರೆ. ಇದು ಗೊಬ್ಬರವಲ್ಲ, ತನ್ನದೆಂದು ಗಿಡಕ್ಕೆ ಕೊಡುವ ಸಾರ ಹೆಚ್ಚೇನಿಲ್ಲ. ತಿಪ್ಪೆ ಗೊಬ್ಬರ ಕಡಿಮೆ ಮಾಡಿದರೆ ಸೊಪ್ಪು ಎರಡೇ ವಾರದಲ್ಲಿ ಬಿಳಿಚಿಕೊಳ್ಳುತ್ತದೆ. ಒಂದು ಬೆಳೆ ಮುಗಿದ ಮಿಶ್ರಣವನ್ನು ಮತ್ತೊಮ್ಮೆ ಬಳಸಬಹುದು, ಹೊಸ ಗೊಬ್ಬರ ನಾಲ್ಕನೇ ಒಂದು ಪಾಲು ಬೆರೆಸಿದರೆ ಆಯಿತು. ಟೊಮೆಟೊ ಅಥವಾ ಬದನೆ ಹಸಿರಾಗಿದ್ದಾಗಲೇ ಸೊರಗಿ ಸತ್ತ ಬ್ಯಾಗಿನದ್ದನ್ನು ಮಾತ್ರ ಯಾರಿಗೂ ಕೊಡಬೇಡಿ. ಆ ರೋಗ ಮಣ್ಣಿನಲ್ಲೇ ಉಳಿದಿರುತ್ತದೆ.