ಹಳೆ ಇಮಾರಿ ಪಿಂಗಾಣಿಯೋ, ಹಳೆ ಉರುಶಿ ಪೆಟ್ಟಿಗೆಯೋ? ನನ್ನ ಆಯ್ಕೆ ಪಿಂಗಾಣಿ

ಜಪಾನಿನ ಹಳೆ ಸಾಮಾನು ಸಂಗ್ರಹಿಸುವ ಆಸೆ ಇದೆ, ಕೈಯಲ್ಲಿರುವ ದುಡ್ಡು ಮಾತ್ರ ಕಡಿಮೆ ಅನ್ನುವವರು ನೀಲಿ-ಬಿಳಿ ಇಮಾರಿ ಪಿಂಗಾಣಿಯಿಂದ ಶುರು ಮಾಡಿ. ಉರುಶಿ, ಅಂದರೆ ಮರದ ಹಾಲಿನ ಮೆರುಗು ಬಳಿದ ಸಾಮಾನು, ಆಮೇಲೆ ಇರಲಿ. ಟೋಕಿಯೋದ ನಮ್ಮ ಸಣ್ಣ ಬಾಡಿಗೆ ಮನೆಯಲ್ಲಿ ಎರಡನ್ನೂ ಇಟ್ಟು, ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಒಂದು ಕಡೆ ಸೋಬಾ ಚೋಕೋ. ಸೋಬಾ ಶ್ಯಾವಿಗೆಯನ್ನು ಅದ್ದಿ ತಿನ್ನುವ ಸಾರಿಗೆ ಇಡುವ, ಹಿಡಿಯಿಲ್ಲದ ಸಣ್ಣ ಪಿಂಗಾಣಿ ಲೋಟ. ಇನ್ನೊಂದು ಕಡೆ ಜೂಬಾಕೊ. ಹೊಸ ವರ್ಷದ ಅಡುಗೆ ಜೋಡಿಸಿಡುವ, ಒಂದರ ಮೇಲೊಂದು ಕೂರುವ ಕಪ್ಪು ಪೆಟ್ಟಿಗೆ. ನನ್ನದರ ಮುಚ್ಚಳದ ಮೇಲೆ ಚಿನ್ನದ ಪುಡಿಯಲ್ಲಿ ಬರೆದ ಪೈನ್ ಮರವಿದೆ. ಎರಡನ್ನೂ ಬಯಲು ಸಂತೆಯಲ್ಲೇ ಕೊಂಡೆ.

ಚಂದದ ಮಾತಿಗೆ ಬಂದರೆ ಪೆಟ್ಟಿಗೆಯದೇ ಮೇಲುಗೈ. ಅದರಲ್ಲಿ ಎರಡು ಮಾತಿಲ್ಲ. ಮರಕ್ಕೆ ಮೆರುಗು ಅಂದ ಕೂಡಲೇ ನಮಗೆ ಚನ್ನಪಟ್ಟಣ ನೆನಪಾಗುತ್ತೆ, ಅಲ್ವಾ? ಆದರೆ ಅಲ್ಲಿ ಬಳಸುವುದು ಕೀಟದಿಂದ ಸಿಗುವ ಅರಗು. ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಉರುಶಿ ಹಾಗಲ್ಲ. ಅದು ಮರದ ಹಾಲು. ಗಿಡ ನೆಟ್ಟು ಹತ್ತು-ಹದಿನೈದು ವರ್ಷ ಕಾದು, ತೊಗಟೆಗೆ ಗೀರು ಹಾಕಿ ಇಳಿಸುತ್ತಾರೆ. ಒಂದು ಮರದಿಂದ ಒಂದು ಋತುವಿಗೆ ಸಿಗುವುದು ಸುಮಾರು 200 ಗ್ರಾಂ. ಅದನ್ನು ತೆಳುವಾಗಿ ಬಳಿದು, ತೇವ ತುಂಬಿದ ಬೆಚ್ಚನೆ ಕಪಾಟಿನಲ್ಲಿ ಗಟ್ಟಿಯಾಗಲು ಬಿಡುತ್ತಾರೆ. ಬಿಸಿಲಿಗಿಟ್ಟು ಒಣಗಿಸುವ ಬಣ್ಣ ಇದಲ್ಲ. ಗಾಳಿಯಲ್ಲಿ ತೇವ ಇದ್ದರೇನೇ ಅದು ಗಟ್ಟಿಯಾಗುವುದು. ಆಮೇಲೆ ಉಜ್ಜಿ ಮತ್ತೊಂದು ಪದರ, ಮತ್ತೆ ಇನ್ನೊಂದು. ಕೊನೆಗೆ ಹಸಿ ಉರುಶಿಯಲ್ಲಿ ಚಿತ್ರ ಬರೆದು ಅದರ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಇದಕ್ಕೆ ಮಾಕಿಯೆ ಅನ್ನುತ್ತಾರೆ. ಇಷ್ಟೆಲ್ಲ ಕೆಲಸ ಆಗಿರುವ ವಸ್ತುವನ್ನು ಕೈಯಲ್ಲಿ ಹಿಡಿದಾಗ ಬೆಲೆ ಜಾಸ್ತಿ ಅನ್ನಿಸುವುದೇ ಇಲ್ಲ.

ತೊಂದರೆ ಶುರುವಾಗಿದ್ದು ಚಳಿಗಾಲದಲ್ಲಿ. ಪೆಸಿಫಿಕ್ ಕಡೆಯ ಜಪಾನಿನಲ್ಲಿ ಚಳಿಗಾಲ ಅಂದರೆ ನೀಲಿ ಆಕಾಶ, ಒಣ ಗಾಳಿ. ಅದರ ಮೇಲೆ ರಾತ್ರಿಯೆಲ್ಲ ಹೀಟರ್ ಬೇರೆ. ತುಟಿ ಒಡೆಯುತ್ತೆ, ಬಾಗಿಲಿನ ಹಿಡಿ ಮುಟ್ಟಿದರೆ ಚುರ್ ಅನ್ನುತ್ತೆ. ಆ ಒಣ ಗಾಳಿ ಪೆಟ್ಟಿಗೆಯನ್ನೂ ಬಿಡಲಿಲ್ಲ. ಮೊದಲು ಮೂಲೆಯ ಜೋಡಣೆಯಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು. ವಾರಗಳಲ್ಲಿ ಅದು ಉದ್ದವಾಯಿತು. ಆಮೇಲೆ ಅದರ ಪಕ್ಕದ ಕಪ್ಪು ಪದರ ಮರ ಬಿಟ್ಟು ಮೇಲೆದ್ದಿತು. ಬೆರಳಿಟ್ಟರೆ ಕಿತ್ತು ಬರುವ ಹಾಗೆ.

ಕಾರಣ ಸರಳ. ಒಳಗಿರುವುದು ಮರ. ತೇವ ಹೋದರೆ ಅದು ಕುಗ್ಗುತ್ತದೆ, ತೇವ ಬಂದರೆ ಹಿಗ್ಗುತ್ತದೆ. ಮೇಲಿನ ಗಟ್ಟಿ ಪದರಕ್ಕೆ ಅದರ ಜೊತೆ ಅಷ್ಟು ಬೇಗ ಹೊಂದಿಕೊಳ್ಳಲು ಆಗುವುದಿಲ್ಲ. ಹಳೆಯದಾದಷ್ಟೂ ಅದರ ಬಾಗುವ ಗುಣ ಕಡಿಮೆಯಾಗುತ್ತದೆ. ಬೆಳಕು ಬೀಳುವ ಜಾಗದಲ್ಲಿ ಇಟ್ಟರೆ ಇನ್ನೂ ಕಷ್ಟ. ಬಿಸಿಲಿನ ನೇರಳಾತೀತ ಕಿರಣ ಉರುಶಿಯ ಹೊಳಪನ್ನೇ ತಿಂದುಬಿಡುತ್ತದೆ. ಮಾರಿದವರು ಇದ್ಯಾವುದನ್ನೂ ಹೇಳಲಿಲ್ಲ. ಪೆಟ್ಟಿಗೆಯ ಜೊತೆ ಇರಬೇಕಾಗಿದ್ದ ಕಿರಿ ಮರದ ಹೊರ ಡಬ್ಬವೂ ಇರಲಿಲ್ಲ. ಆ ಹಗುರ ಮರದ ಡಬ್ಬ ಸುಮ್ನೆ ಅಲಂಕಾರಕ್ಕಲ್ಲ. ಹೊರಗಿನ ತೇವದ ಏರಿಳಿತವನ್ನು ಅದು ಒಳಗೆ ಅಷ್ಟು ಬೇಗ ಬಿಡುವುದಿಲ್ಲ.

ಆಮೇಲೆ ತೇವ ಅಳೆಯುವ ಮೀಟರ್ ತಂದೆ. ಕಪಾಟಿನಲ್ಲಿ ಒಂದು ಬಟ್ಟಲು ನೀರಿಟ್ಟೆ. ಹೀಟರ್‌ನಿಂದ ದೂರದ ಗೋಡೆಗೆ ಕಪಾಟು ಸರಿಸಿದೆ. ಮೀಟರ್‌ನಲ್ಲಿ ಶೇಕಡಾ 50ರ ಮೇಲೆ ಇದ್ದರೆ ನೆಮ್ಮದಿ, 30ಕ್ಕೆ ಇಳಿದರೆ ಚಿಂತೆ. ಡಿಸೆಂಬರಿನಲ್ಲಿ ನಾವು ಧಾರವಾಡಕ್ಕೆ ಹೋದರೆ ಮನೆ ವಾರಗಟ್ಟಲೆ ಬೀಗ. ಬಟ್ಟಲಿಗೆ ನೀರು ಹಾಕುವವರು ಯಾರು?

ರಿಪೇರಿ ವಿಚಾರಿಸಿದೆ. ಕೊಂಡ ಬೆಲೆಯ ಮೂರು ಪಟ್ಟು, ಅರ್ಧ ವರ್ಷ ಕಾಯಬೇಕು ಅಂದರು. ಅವರು ಕೇಳಿದ್ದು ನ್ಯಾಯವೇ. ಎದ್ದ ಪದರವನ್ನು ಉರುಶಿಯಲ್ಲೇ ಅಂಟಿಸಿ, ತುಂಬಿ, ಉಜ್ಜಿ, ಮತ್ತೆ ಬಳಿಯಬೇಕು. ಪ್ರತಿ ಪದರ ಗಟ್ಟಿಯಾಗುವವರೆಗೆ ಮುಂದಿನ ಕೆಲಸ ಇಲ್ಲ. ಅಂಗಡಿಯಲ್ಲಿ ಸಿಗುವ ಗೋಂದು ಹಚ್ಚಲೇಬೇಡಿ. ಮುಂದೆ ಸರಿಯಾಗಿ ರಿಪೇರಿ ಮಾಡುವವರಿಗೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ.

ಈಗ ಸೋಬಾ ಚೋಕೋ. ಕಪಾಟಿನಲ್ಲಿಡಿ, ಸಿಂಕಿನ ಪಕ್ಕ ಇಡಿ, ಒಣಗಾಳಿಗಿಡಿ, ಅದಕ್ಕೆ ಏನೂ ಆಗಲ್ಲ. 19ನೇ ಶತಮಾನದ ಲೋಟದಲ್ಲಿ ನಾನು ದಿನಾ ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿಯುತ್ತೇನೆ. ಅಳತೆ ಹೇಳಿ ಮಾಡಿಸಿದ ಹಾಗಿದೆ. ಅಂಚಿನಲ್ಲಿ ಹಿಡಿದರೆ ಕೈ ಸುಡುವುದಿಲ್ಲ. ತೊಳೆದು ಕವುಚಿ ಹಾಕಿದರೆ ಮುಗೀತು.

ಈ ಪಿಂಗಾಣಿ ಹುಟ್ಟಿದ್ದು ಕ್ಯುಶು ದ್ವೀಪದ ಅರಿತಾದಲ್ಲಿ. ಕೊರಿಯಾದಿಂದ ಬಂದ ಕುಂಬಾರ ಯಿ ಸಾಮ್‌ಪ್ಯೊಂಗ್ ಅಲ್ಲಿ ಪಿಂಗಾಣಿ ಕಲ್ಲನ್ನು ಗುರುತಿಸಿದ ಅಂತ ಊರಿನವರು ಹೇಳುತ್ತಾರೆ. 1616 ಅನ್ನು ಶುರುವಿನ ವರ್ಷ ಅಂತ ಎಣಿಸುತ್ತಾರೆ. ಹತ್ತಿರದ ಇಮಾರಿ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ಆ ಹೆಸರು ಬಂತು. ಚೀನಾದಲ್ಲಿ ಮಿಂಗ್ ಆಳ್ವಿಕೆ ಬಿದ್ದು ಅಲ್ಲಿಂದ ಮಾಲು ಬರುವುದು ತಗ್ಗಿದಾಗ ಡಚ್ ಈಸ್ಟ್ ಇಂಡಿಯಾ ಕಂಪನಿ ಇಲ್ಲಿಗೆ ತಿರುಗಿತು. 1659ರಿಂದ ದೊಡ್ಡ ಪ್ರಮಾಣದಲ್ಲಿ ಆರ್ಡರ್ ಕೊಟ್ಟಿತು.

ನನಗೆ ಪಿಂಗಾಣಿ ಇಷ್ಟವಾಗಲು ಇನ್ನೊಂದು ಕಾರಣ, ಅದನ್ನು ನೋಡಿ ನೋಡಿಯೇ ಕಲಿಯಬಹುದು. ಎದೋ ಕಾಲದ (1603–1868) ನೀಲಿ ಸ್ವಲ್ಪ ಬೂದು ಬೆರೆತ, ಮೆತ್ತಗಿನ ನೀಲಿ. 1870ರ ದಶಕದಿಂದ ಕಾರ್ಖಾನೆಯ ಕೋಬಾಲ್ಟ್ ಬಂತು. ಆ ನೀಲಿ ಕಣ್ಣಿಗೆ ಹೊಡೆಯುತ್ತದೆ. ಅದೇ ಮೇಜಿ ಕಾಲದಲ್ಲಿ (1868–1912) ಕಾಗದದ ಅಚ್ಚಿನಿಂದ ಚಿತ್ರ ಒತ್ತುವುದೂ ಹರಡಿತು. ಅಚ್ಚು ಸೇರುವ ಜಾಗದಲ್ಲಿ ಬಳ್ಳಿ ಕತ್ತರಿಸಿದ ಹಾಗೆ ನಿಂತಿರುತ್ತದೆ. ಕೈಯಲ್ಲಿ ಬರೆದದ್ದರಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅಚ್ಚಿನದು ತುಂಬ ಅಗ್ಗ, ದಿನಬಳಕೆಗೆ ಚೆನ್ನಾಗಿಯೇ ಇದೆ. ಲೋಟ ತಿರುಗಿಸಿ ಬುಡ ನೋಡಿ. ಆಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿ. ಠಣ್ ಅಂದರೆ ಸರಿ, ಬೊದ್ ಅಂದರೆ ಎಲ್ಲೋ ಬಿರುಕಿದೆ. ಸಂತೆಯ ಚೀಟಿಗಳಲ್ಲಿ ಬಿರುಕಿಗೆ ನ್ಯೂ, ಅಂಚಿನ ಚಿಕ್ಕ ಮುಕ್ಕಿಗೆ ಹೊತ್ಸು, ಏಟಿಲ್ಲದ್ದಕ್ಕೆ ಮುಕಿಜು ಅಂತ ಬರೆದಿರುತ್ತಾರೆ. ಈ ಮೂರು ಗೊತ್ತಿದ್ದರೆ ಅರ್ಧ ಚೌಕಾಸಿ ಮುಗಿದ ಹಾಗೆ. ಹೊತ್ಸು ಇರುವುದನ್ನು ನಾನು ಖುಷಿಯಿಂದ ಕೊಳ್ಳುತ್ತೇನೆ. ಬೆಲೆ ಇಳಿಯುತ್ತೆ, ಕಾಫಿಗೆ ಅಡ್ಡಿಯಿಲ್ಲ.

ಭೂಕಂಪ ಬಂದರೆ ಮಾತ್ರ ಲೆಕ್ಕ ತಿರುಗುತ್ತದೆ. ಶೆಲ್ಫಿನಿಂದ ಬಿದ್ದ ಮರದ ಬಟ್ಟಲು ಉಳಿದೀತು, ಪಿಂಗಾಣಿ ಉಳಿಯಲ್ಲ. ಅದಕ್ಕೇ ಚೋಕೋಗಳನ್ನು ಸೊಂಟಕ್ಕಿಂತ ಕೆಳಗಿನ, ಚಿಲಕ ಇರುವ ಕಪಾಟಿನಲ್ಲಿ ಇಟ್ಟಿದ್ದೇನೆ.

ಸಂತೆಯಲ್ಲಿ ಕಾಣುವ ಬೇರೆ ಎರಡರ ಬಗ್ಗೆಯೂ ಹೇಳಿಬಿಡುತ್ತೇನೆ. ಸತ್ಸುಮಾ ಪಿಂಗಾಣಿಯಂಥ ಮಣ್ಣಿನ ಹೂದಾನಿ: ಚಿನ್ನ, ಬಣ್ಣ ಎಲ್ಲ ಜಾಸ್ತಿ, ನನಗೆ ಹಿಡಿಸಲಿಲ್ಲ. ದಂತದ ನೆಟ್ಸುಕೆ (ಕಿಮೊನೊದ ನಡುಪಟ್ಟಿಗೆ ಚೀಲ ತೂಗಿಸುವ ಕೆತ್ತನೆಯ ಗುಂಡಿ): ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆನೆಯ ದಂತ ಅದು, ಊರಿಗೆ ತರುವ ಹಾಗೂ ಇಲ್ಲ.

ಕೊಳ್ಳಲು ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ, ಅಲ್ಲಿನದೇ ಕಿತಾನೊ ತೆನ್ಮಾಂಗು ಗುಡಿಯಲ್ಲಿ 25ಕ್ಕೆ ಸಂತೆ ಸೇರುತ್ತದೆ. ಟೋಕಿಯೋದಲ್ಲಾದರೆ ಯೂರಾಕುಚೋ ಹತ್ತಿರದ ಓಎದೋ ಸಂತೆ. ಬೆಳಗಿನ ಬೆಳಕಲ್ಲಿ ನೋಡಿ. ಬಿರುಕು ಸಂಜೆ ಕಾಣಲ್ಲ.

ತಿಂಗಳಿಗೆ ನಾನು ಈ ಹವ್ಯಾಸಕ್ಕೆ ಎತ್ತಿಡುವುದು 10,000 ಯೆನ್. ಅದರಲ್ಲಿ ಒಳ್ಳೆಯ ಚೋಕೋ ಒಂದೆರಡು ಬರುತ್ತವೆ. ಪೆಟ್ಟಿಗೆಗೆ ತಿಂಗಳುಗಟ್ಟಲೆ ಕೂಡಿಡಬೇಕು, ಆಮೇಲೆ ಕಾಯಬೇಕು. ನಾನು ಬಳಸುವ ಮನುಷ್ಯ, ಮನೆಗೆ ಬೀಗ ಹಾಕಿ ಊರಿಗೆ ಹೋಗುವ ಮನುಷ್ಯ. ಬೆಂಗಳೂರಿಗೆ ಮರಳಿದರೂ ಮಾರ್ಚಿನ ಒಣ ಮಧ್ಯಾಹ್ನಗಳು ಅಲ್ಲಿ ಕಾದಿರುತ್ತವೆ. ಸೀರೆ, ಟವೆಲ್ ನಡುವೆ ಸುತ್ತಿ ತಂದ ಪಿಂಗಾಣಿಗೆ ಅದರ ಭಯವಿಲ್ಲ.

ಇಲ್ಲ, ಉರುಶಿಯೇ ಬೇಕು ಅನ್ನುವವರು ಪೆಟ್ಟಿಗೆ ಬಿಟ್ಟು ಸಾರು ಕುಡಿಯುವ ಬಟ್ಟಲು ಕೊಳ್ಳಿ. ದಿನಾ ತೊಳೆಯುವ ಬಟ್ಟಲಿಗೆ ತೇವ ತಾನಾಗಿ ಸಿಗುತ್ತದೆ. ನನ್ನ ಬಳಿ ಇರುವ ಒಂದು ಕೆಂಪು ಬಟ್ಟಲು ಚಳಿಗಾಲದಲ್ಲೂ ಚೆನ್ನಾಗಿದೆ, ಬಿಸಿ ತಿಳಿಸಾರು ಹಾಕಿದರೂ ಕೈ ಸುಡಲ್ಲ. ಕೊಳ್ಳುವಾಗ ಸಮತಟ್ಟು ಜಾಗದಲ್ಲಿಟ್ಟು ಅಲುಗುತ್ತಾ ನೋಡಿ. ಮುಚ್ಚಳ ಇದ್ದರೆ ಅದನ್ನು ಒಂದು ಸುತ್ತು ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಎರಕದ ಅಚ್ಚು ಕೂಡಿದ ಗೆರೆ ಕಂಡರೆ ಒಳಗಿರುವುದು ಮರವಲ್ಲ, ಪ್ಲಾಸ್ಟಿಕ್.